ಹಳೆಯ ಗೋ ಪುಸ್ತಕದ ಜೊತೆ ಹದಿನಾರು ತಿಂಗಳು

ಮೊದಲ ವಾರವೇ ಬರೆದಿದ್ದರೆ ಈ ವಿಮರ್ಶೆ ಎರಡೇ ಪದದಲ್ಲಿ ಮುಗಿಯುತ್ತಿತ್ತು: ದುಡ್ಡು ದಂಡ. ಬರೆಯಲು ಕೂತಿದ್ದೂ ನಿಜ. ಅಷ್ಟರಲ್ಲಿ ಬೇರೇನೋ ಕೆಲಸ ಬಂತು, ಹಾಗೇ ಬಿಟ್ಟೆ. ಹದಿನಾರು ತಿಂಗಳಾದ ಮೇಲೆ ಈಗ ಮತ್ತೆ ಕೂತಿದ್ದೇನೆ. ಪುಸ್ತಕ ಅದೇ. ಸಿಟ್ಟು ಮಾತ್ರ ಬೇರೆ ಕಡೆಗೆ ತಿರುಗಿದೆ.

ಪುಸ್ತಕ ಗೋ ಭಾಷೆ ಕಲಿಸುವಂಥದ್ದು. (ಗೋ ಅಂದರೆ ಹಸುವಲ್ಲ, ಪ್ರೋಗ್ರಾಮಿಂಗ್ ಭಾಷೆ. ಮನೆಯಲ್ಲಿ ಈ ಜೋಕ್ ಇನ್ನೂ ಮುಗಿದಿಲ್ಲ, ಅದಕ್ಕೇ ಮೊದಲೇ ಹೇಳಿಬಿಟ್ಟೆ.) 2016ರಲ್ಲಿ ಅಚ್ಚಾದ ಇಂಗ್ಲಿಷ್ ಪುಸ್ತಕ, ಮುನ್ನೂರು ಪುಟಕ್ಕೆ ಸ್ವಲ್ಪ ಜಾಸ್ತಿ. ಹೆಸರು ಹೇಳುವುದಿಲ್ಲ. ಕೆಳಗೆ ಬೈದಿರುವುದೂ ಇದೆ, ಹೊಗಳಿರುವುದೂ ಇದೆ. ಹೆಸರು ಕೊಟ್ಟರೆ ಜನ ಎರಡರಲ್ಲಿ ಒಂದನ್ನೇ ಹಿಡಿದುಕೊಳ್ಳುತ್ತಾರೆ.

ನನ್ನ ಬಗ್ಗೆ ಒಂದೆರಡು ಮಾತು, ಯಾಕೆಂದರೆ ತೀರ್ಪು ನನ್ನ ಅಭ್ಯಾಸಗಳ ಮೇಲೆ ನಿಂತಿದೆ. ಎಂಟು ವರ್ಷದಿಂದ ಪೈಥಾನ್ ಅನ್ನುವ ಇನ್ನೊಂದು ಭಾಷೆಯಲ್ಲೇ ಹೊಟ್ಟೆ ಹೊರೆದುಕೊಂಡಿದ್ದೇನೆ. ಆಫೀಸಿನಲ್ಲಿ ಒಂದಷ್ಟು ಕೆಲಸ ಗೋಗೆ ಹೋಯಿತು, ಹಾಗಾಗಿ ಕಲಿಯಬೇಕಾಯಿತು. ವಿಡಿಯೋ ನೋಡಿ ಕಲಿಯುವುದು ನನಗೆ ಆಗಲ್ಲ. ನೋಡುವಾಗ ಎಲ್ಲ ಗೊತ್ತಾದ ಹಾಗೆ ಇರುತ್ತದೆ, ಎದ್ದು ಬಂದರೆ ತಲೆ ಖಾಲಿ. ದಿನವಿಡೀ ಸ್ಕ್ರೀನ್ ನೋಡಿದ ಮೇಲೆ ಓದುವುದಾದರೂ ಕಾಗದದ ಮೇಲೆ ಇರಲಿ ಅನ್ನಿಸುತ್ತದೆ. ಪುಸ್ತಕಕ್ಕೆ ನಾನೇ ದುಡ್ಡು ಹಾಕಬೇಕಿತ್ತು. ಹೊಸ ಪುಸ್ತಕಗಳ ಬೆಲೆ ನೋಡಿದೆ, ಸೆಕೆಂಡ್ ಹ್ಯಾಂಡ್ ತಗೊಂಡೆ. ಅರ್ಧಕ್ಕಿಂತ ಕಡಿಮೆಗೆ ಬಂತು. ಬೀಗಿದೆ.

ಬೀಗಿದ್ದು ಒಂದೇ ದಿನ. ಮೊದಲ ಅಧ್ಯಾಯ ಎಲ್ಲ ಪುಸ್ತಕಗಳ ಹಾಗೆ ಇನ್‌ಸ್ಟಾಲ್ ಮಾಡುವುದರಿಂದ ಶುರು. ಗೋಪಾತ್ ಅಂತ ಒಂದು ಫೋಲ್ಡರ್ ಗೊತ್ತುಮಾಡಿ, ಒಳಗೆ ಇಂತಿಂಥ ಮೂರು ಫೋಲ್ಡರ್ ಇರಲಿ, ಎನ್ವಿರಾನ್ಮೆಂಟ್ ವೇರಿಯಬಲ್ ಸೆಟ್ ಮಾಡಿ, ಆಮೇಲೆ ‘ಗೋ ಗೆಟ್’ ಕೊಟ್ಟು ಪುಸ್ತಕದ ಮಾದರಿ ಕೋಡ್ ತರಿಸಿಕೊಳ್ಳಿ. ಹೇಳಿದಂತೆ ಮಾಡಿದೆ. ಕೊನೆಯ ಹೆಜ್ಜೆಯಲ್ಲಿ ಗೋ ತಣ್ಣಗೆ ಹೇಳಿತು: ಗೋ.ಮಾಡ್ ಫೈಲ್ ಸಿಗಲಿಲ್ಲ, ಮಾಡ್ಯೂಲ್‌ನ ಹೊರಗೆ ‘ಗೋ ಗೆಟ್’ ಈಗ ನಡೆಯುವುದಿಲ್ಲ. (ಮಾಡ್ಯೂಲ್ ಅಂದರೆ ಒಟ್ಟಿಗೆ ಇಟ್ಟ ಕೋಡ್‌ನ ಒಂದು ಕಟ್ಟು, ಗೋ.ಮಾಡ್ ಅಂದರೆ ಅದರ ಹೆಸರು, ಗೋ ಆವೃತ್ತಿ ಬರೆದಿಡುವ ಫೈಲ್.) ಪುಸ್ತಕದ ಕೊನೆಯ ಪದಸೂಚಿ ತೆಗೆದು ‘ಮಾಡ್ಯೂಲ್’ ಹುಡುಕಿದೆ. ಆ ಪದವೇ ಇಲ್ಲ.

ಇರುವುದಾದರೂ ಹೇಗೆ? ಗೋಗೆ ಮಾಡ್ಯೂಲ್ ಬಂದದ್ದು 2018ರ ಆಗಸ್ಟ್‌ನಲ್ಲಿ, 1.11ನೇ ಆವೃತ್ತಿಯಲ್ಲಿ. 2021ರ ಫೆಬ್ರವರಿಯ 1.16ರಿಂದ ಅದೇ ಮಾಮೂಲಿ ದಾರಿಯಾಯಿತು. ಪುಸ್ತಕ ಎರಡಕ್ಕೂ ಮುಂಚಿನದು. ನಾನು ಹಾಕಿಕೊಂಡಿದ್ದು 1.23. ಪರಿಹಾರ ಅಂದರೆ ಒಂದೇ ಸಾಲು: ‘ಗೋ ಮಾಡ್ ಇನಿಟ್’ ಅಂತ ಬರೆದು ಮುಂದೆ ಒಂದು ಹೆಸರು ಕೊಡಬೇಕು. ಈ ಒಂದು ಸಾಲಿಗೆ ನನ್ನ ಎರಡು ಸಂಜೆ ಹೋದವು.

ಸಿಟ್ಟಿನಲ್ಲೇ ಪುಟ ತಿರುವಿದೆ. ಹಿಂದೆ ಈ ಪುಸ್ತಕ ಇಟ್ಟುಕೊಂಡಿದ್ದವರು ಯಾರೋ, ಪೆನ್ಸಿಲ್‌ನಲ್ಲಿ ಶ್ರದ್ಧೆಯಿಂದ ಅಡಿಗೆರೆ ಎಳೆದಿದ್ದಾರೆ. 71ನೇ ಪುಟದಲ್ಲಿ ಒಂದು ಪ್ರಶ್ನೆಚಿಹ್ನೆ. ಆಮೇಲೆ ಕೊನೆಯವರೆಗೂ ಒಂದು ಗೆರೆ ಇಲ್ಲ, ಪುಟಗಳು ಹೊಸದರ ಹಾಗೆ ಬೆಳ್ಳಗಿವೆ. ಪಾಪ, ಅವರೂ ಕೈಬಿಟ್ಟರು ಅಂದುಕೊಂಡೆ. ನಾನು ಅಷ್ಟು ದೂರವೂ ಹೋಗದೆ ಹೊಸದೊಂದು ಇ-ಪುಸ್ತಕ ಕೊಂಡೆ. ಉಳಿಸಿದ ದುಡ್ಡು ಅಲ್ಲಿಗೆ ಸರಿಹೋಯಿತು.

ಹೊಸ ಪುಸ್ತಕದಲ್ಲಿ ಎಲ್ಲ ಓಡಿತು. ಮೊದಲ ಪ್ರೋಗ್ರಾಂ ಓಡಿತು, ಎರಡನೆಯದು ಓಡಿತು, ಇಪ್ಪತ್ತನೆಯದೂ ಓಡಿತು. ಕೋಡ್ ಕಾಪಿ ಮಾಡುವುದು, ಪೇಸ್ಟ್ ಮಾಡುವುದು, ಎಂಟರ್ ಒತ್ತುವುದು. ಒಂದು ಕಡೆ ಮಾತ್ರ ನೇರ ಕೋಟ್ ಇರಬೇಕಾದಲ್ಲಿ ಬಾಗಿದ ಕೋಟ್ ಅಚ್ಚಾಗಿ ಕಂಪೈಲರ್ (ಬರೆದ ಕೋಡನ್ನು ಯಂತ್ರದ ಭಾಷೆಗೆ ಇಳಿಸುವ ಪ್ರೋಗ್ರಾಂ) ಗೊಣಗಿತು. ಉಳಿದದ್ದೆಲ್ಲ ಸಲೀಸು. ಮೂರು ವಾರದಲ್ಲಿ ಅರ್ಧ ಪುಸ್ತಕ ಮುಗಿಯಿತು.

ಆಮೇಲೊಂದು ದಿನ ಖಾಲಿ ಫೈಲ್ ತೆಗೆದು, ಒಂದು ಲಾಗ್ ಫೈಲ್ ಓದಿ ಯಾವ ಪದ ಎಷ್ಟು ಸಲ ಬಂದಿದೆ ಎಂದು ಎಣಿಸೋಣ ಅಂದುಕೊಂಡೆ. ಪೈಥಾನ್‌ನಲ್ಲಿ ಐದು ನಿಮಿಷದ ಕೆಲಸ. ಇಲ್ಲಿ ಎರಡನೇ ಸಾಲಿಗೇ ಕೈ ನಿಂತಿತು. ಪುಸ್ತಕದಲ್ಲಿ ಹುಡುಕಿದರೆ ‘ಇಲ್ಲಿ ಹೀಗೆ ಬರೆಯಿರಿ’ ಅಂತಿದೆ. ಯಾಕೆ ಹೀಗೆ ಅಂದರೆ ‘ಇದು ಒಳ್ಳೆಯ ಅಭ್ಯಾಸ’ ಅಂತಿದೆ. ಯಾಕೆ ಒಳ್ಳೆಯ ಅಭ್ಯಾಸ? ಎಲ್ಲರೂ ಹೀಗೇ ಬರೆಯುತ್ತಾರಂತೆ. ಇಡೀ ಪುಸ್ತಕದಲ್ಲಿ ಒಂದೇ ಒಂದು ಪ್ರೋಗ್ರಾಂ ಕೂಡ ಸೋತಿಲ್ಲ. ನನ್ನವು ಮಾತ್ರ ಸೋಲುತ್ತಿದ್ದವು, ಸೋತಾಗ ಏನು ಮಾಡಬೇಕು ಅನ್ನುವ ಪುಟ ಅದರಲ್ಲಿ ಇರಲಿಲ್ಲ.

ಹೀಗೆ ಹಳೆಯ ಪುಸ್ತಕ ಮತ್ತೆ ಮೇಜಿಗೆ ಬಂತು.

ಬೆಳಗ್ಗೆ ಆರರಿಂದ ಆರು ನಲವತ್ತರವರೆಗೆ, ಫೋನ್ ಮುಟ್ಟುವ ಮೊದಲು. ಈ ಪುಸ್ತಕಕ್ಕೆ ಒಂದು ಕೆಟ್ಟ ಚಾಳಿ: ತೆರೆದಿಟ್ಟರೆ ನಿಲ್ಲುವುದಿಲ್ಲ, ಟಪ್ ಅಂತ ಮುಚ್ಚಿಕೊಳ್ಳುತ್ತದೆ. ಎರಡು ಕೈಯನ್ನೂ ಕೀಬೋರ್ಡ್ ಮೇಲೆ ಇಡಬೇಕಾದ ವಿಷಯದ ಪುಸ್ತಕಕ್ಕೆ ಇಂಥ ಬೈಂಡಿಂಗ್ ಯಾಕೆ ಮಾಡುತ್ತಾರೋ. ಎಡಗಡೆಗೆ ಒಂದು ದೊಡ್ಡ ಕ್ಲಿಪ್ ಹಾಕಿದೆ. ಬಲಗಡೆಗೆ ಕೆಟ್ಟುಹೋದ ಹಳೆಯ ಹಾರ್ಡ್ ಡಿಸ್ಕ್ ಒಂದನ್ನು ಭಾರಕ್ಕೆ ಇಟ್ಟೆ. ಎಷ್ಟೋ ವರ್ಷದಿಂದ ಎಸೆಯಲು ಮನಸ್ಸಾಗದೆ ಇಟ್ಟುಕೊಂಡಿದ್ದಕ್ಕೆ ಕೊನೆಗೂ ಒಂದು ಕೆಲಸ ಸಿಕ್ಕಿತು.

ಮೊದಲು ಒಂದೆರಡು ಪುಟ ಓದುವುದು. ಆಮೇಲೆ ಹಾರ್ಡ್ ಡಿಸ್ಕ್ ತೆಗೆದು ಪುಸ್ತಕವನ್ನು ಮುಚ್ಚುವುದು. ನೆನಪಿನಿಂದ ಟೈಪ್ ಮಾಡುವುದು. ಗೋ ಕಂಪೈಲರ್ ಮಹಾ ಮಡಿ. ಫಂಕ್ಷನ್ ಒಳಗೆ ಒಂದು ವೇರಿಯಬಲ್ ಮಾಡಿ ಬಳಸದೆ ಬಿಟ್ಟರೂ ತಪ್ಪು ಅನ್ನುತ್ತದೆ, ಒಂದು ಪ್ಯಾಕೇಜ್ ಇಂಪೋರ್ಟ್ ಮಾಡಿ ಸುಮ್ನೆ ಇಟ್ಟರೂ ತಪ್ಪು ಅನ್ನುತ್ತದೆ. ಅದು ಬೈದಾಗ ಮಾತ್ರ ಪುಸ್ತಕ ತೆರೆಯಬೇಕು ಅಂತ ನಿಯಮ ಮಾಡಿಕೊಂಡೆ. ಮೊದಲ ತಿಂಗಳು ಪುಸ್ತಕ ಮುಚ್ಚಿದ್ದಕ್ಕಿಂತ ತೆರೆದಿದ್ದೇ ಜಾಸ್ತಿ.

ಇನ್ನೊಂದು ನಿಯಮ ತಾನಾಗೇ ಬಂತು. ಪುಸ್ತಕ ಹೇಳಿದ್ದಕ್ಕೂ ಯಂತ್ರ ಹೇಳಿದ್ದಕ್ಕೂ ತಾಳೆಯಾಗದ ಕಡೆ ಅಂಚಿನಲ್ಲಿ ಪೆನ್ಸಿಲ್‌ನಿಂದ ಆವೃತ್ತಿ ಸಂಖ್ಯೆ ಬರೆಯುವುದು. ಮೊದಲ ಅಧ್ಯಾಯದ ಪಕ್ಕ ‘1.16’. ಫೈಲ್ ಓದಲು ಪುಸ್ತಕ ಬಳಸುವ ಐಒಯುಟಿಲ್ ಪ್ಯಾಕೇಜ್ ಪಕ್ಕ ಮತ್ತೆ ‘1.16’, ಈಗಲೂ ನಡೆಯುತ್ತದೆ, ಆದರೆ ಅದರ ಕೆಲಸವೆಲ್ಲ ಓಎಸ್ ಮತ್ತು ಐಒ ಪ್ಯಾಕೇಜ್‌ಗಳಿಗೆ ಹೋಗಿದೆ. ಎರಡು ಸಂಖ್ಯೆಗಳಲ್ಲಿ ಚಿಕ್ಕದನ್ನು ಕೊಡುವ ಫಂಕ್ಷನ್ ಬರೆಯಿರಿ ಅನ್ನುವ ಅಭ್ಯಾಸದ ಪಕ್ಕ ‘1.21’, ಯಾಕೆಂದರೆ 2023ರ ಆಗಸ್ಟ್‌ನಿಂದ ಅದು ಭಾಷೆಯಲ್ಲೇ ಸಿಗುತ್ತದೆ. ಎಲ್ಲ ಸೇರಿ ಇಪ್ಪತ್ತಮೂರು ಗುರುತುಗಳಾಗಿವೆ. ಮುನ್ನೂರು ಪುಟಕ್ಕೆ ಇಪ್ಪತ್ತಮೂರು! ನಾನು ನೂರಾರು ಇರಬಹುದು ಅಂದುಕೊಂಡಿದ್ದೆ.

71ನೇ ಪುಟಕ್ಕೆ ಬಂದೆ. ಪ್ರಶ್ನೆಚಿಹ್ನೆ ಇದ್ದದ್ದು ಸ್ಲೈಸ್ ಅಧ್ಯಾಯದಲ್ಲಿ. ಪೈಥಾನ್‌ನಿಂದ ಬಂದವರು ಸ್ಲೈಸ್ ನೋಡಿ ‘ಓ, ಲಿಸ್ಟ್ ತಾನೇ’ ಅಂದುಕೊಳ್ಳುತ್ತಾರೆ. ನಾನೂ ಅಂದುಕೊಂಡೆ. ಅಲ್ಲ. ಅದು ಹಿಂದೆ ಇರುವ ಅರೇಗೆ (ಸಾಲಾಗಿ ಜೋಡಿಸಿದ ಮೌಲ್ಯಗಳಿಗೆ) ಇಟ್ಟ ಒಂದು ಕಿಟಕಿ. ಎಲ್ಲಿಂದ ಶುರು, ಎಷ್ಟು ಉದ್ದ, ಇನ್ನೆಷ್ಟರವರೆಗೆ ಜಾಗ ಇದೆ, ಇಷ್ಟೇ ಅದರಲ್ಲಿರುವುದು. ಹೊಸದೊಂದು ಸೇರಿಸುವಾಗ ಜಾಗ ಇದ್ದರೆ ಅದೇ ಅರೇಯಲ್ಲಿ ಬರೆಯುತ್ತದೆ, ಅದೇ ಅರೇ ನೋಡುವ ಇನ್ನೊಂದು ಕಿಟಕಿಯಲ್ಲೂ ಅದು ಕಾಣಬಹುದು. ಜಾಗ ಇಲ್ಲದಿದ್ದರೆ ಹೊಸ ಅರೇಗೆ ಎಲ್ಲ ನಕಲಾಗುತ್ತದೆ, ಹಳೆಯ ಕಿಟಕಿಗೂ ಇದಕ್ಕೂ ಅಲ್ಲಿಗೆ ಸಂಬಂಧ ಮುಗಿಯಿತು. ಒಂದೇ ಸಾಲಿನ ಕೋಡ್, ಒಮ್ಮೆ ಹಾಗೆ, ಒಮ್ಮೆ ಹೀಗೆ. ಹೊಸ ಪುಸ್ತಕ ಇದಕ್ಕೆ ಅರ್ಧ ಪುಟ ಕೊಟ್ಟು ‘ಎಚ್ಚರವಿರಲಿ’ ಅಂದಿತ್ತು. ಹಳೆಯದು ಹನ್ನೊಂದು ಪುಟ ಕೊಟ್ಟಿದೆ. ಚೌಕ ಚೌಕ ಬರೆದು, ಬಾಣ ಎಳೆದು, ತಪ್ಪು ಉತ್ತರ ಬರುವ ಪ್ರೋಗ್ರಾಂ ಕೊಟ್ಟು, ‘ಏನು ಅಚ್ಚಾಗುತ್ತದೆ ಎಂದು ಮೊದಲು ಬರೆದಿಟ್ಟುಕೊಳ್ಳಿ’ ಎನ್ನುತ್ತದೆ. ನಾನು ಬರೆದಿಟ್ಟುಕೊಂಡ ಉತ್ತರ ಮೂರಕ್ಕೆ ಮೂರೂ ತಪ್ಪು.

ಅಲ್ಲೇ ಒಂದು ಅಭ್ಯಾಸ. ಸ್ಲೈಸ್‌ಗೆ ಒಂದೊಂದೇ ಇಂಟಿಜರ್ ಸೇರಿಸುತ್ತ ಹೋಗಿ, ಜಾಗ ಬದಲಾದಾಗೆಲ್ಲ ಅಚ್ಚು ಮಾಡಿ. ಪುಸ್ತಕದ ಉತ್ತರ 1, 2, 4, 8 ಅಂತ ದುಪ್ಪಟ್ಟಾಗುತ್ತ 512, ಆಮೇಲೆ 1024. ನನ್ನದು 512ರವರೆಗೆ ಸರಿಯಾಗಿ ಬಂದು, ಆಮೇಲೆ 848 ಅಂದಿತು.

848! ಎಲ್ಲಿಂದ ಬಂತು ಈ ಸಂಖ್ಯೆ? ಕೋಡ್ ಮೂರು ಸಲ ನೋಡಿದೆ. ಅವತ್ತು ಆಫೀಸಿನಲ್ಲೂ ತಲೆಯಲ್ಲಿ ಅದೇ. ಸಂಜೆ ಗೊತ್ತಾಯಿತು. ಹಳೆಯ ಗೋದಲ್ಲಿ 1024ರವರೆಗೆ ದುಪ್ಪಟ್ಟು, ಅಲ್ಲಿಂದ ಮುಂದೆ ಕಾಲು ಪಾಲು ಹೆಚ್ಚು. 1.18ರಲ್ಲಿ ಆ ಗಡಿಯನ್ನು 256ಕ್ಕೆ ಇಳಿಸಿ, ಮುಂದಿನ ಏರಿಕೆಯನ್ನು ನಿಧಾನಕ್ಕೆ ಕಡಿಮೆಯಾಗುವ ಹಾಗೆ ಮಾಡಿದ್ದಾರೆ. ಲೆಕ್ಕ ಹಾಕಿದರೆ 512 ಆದ ಮೇಲೆ 832 ಬರುತ್ತದೆ. ಮೆಮೊರಿ ಕೊಡುವ ಕಡೆ ಗೊತ್ತಾದ ಅಳತೆಗಳಲ್ಲೇ ಕೊಡುವುದರಿಂದ ಅದು 848 ಆಗುತ್ತದೆ. ಪುಸ್ತಕಕ್ಕೆ ಮರಳಿ ನೋಡಿದರೆ ಕೋಷ್ಟಕದ ಕೆಳಗೇ ಇದೆ: ಈ ಸಂಖ್ಯೆಗಳ ಬಗ್ಗೆ ಭಾಷೆ ಯಾವ ಮಾತೂ ಕೊಟ್ಟಿಲ್ಲ, ನಂಬಿ ಕೋಡ್ ಬರೆಯಬೇಡಿ. ಆತುರದಲ್ಲಿ ನಾನೇ ಓದಿರಲಿಲ್ಲ. ಅಂಚಿನಲ್ಲಿ ‘1.18 — 848’ ಅಂತ ಬರೆದೆ. ಆ ಗುರುತು ಕಂಡಾಗೆಲ್ಲ ಈಗಲೂ ಒಂಥರಾ ಖುಷಿ.

ಆದರೆ ನನ್ನ ಮನಸ್ಸು ಪೂರ್ತಿ ಬದಲಾದದ್ದು ಫಂಕ್ಷನ್‌ಗಳ ಅಧ್ಯಾಯದಲ್ಲಿ. ಅಲ್ಲಿ ಒಂದು ಎಚ್ಚರಿಕೆ ಇದೆ. ಮೂರು ಹೆಸರುಗಳ ಮೇಲೆ ಲೂಪ್ ಹಾಕಿ, ಪ್ರತಿ ಸುತ್ತಿನಲ್ಲೂ ಆ ಹೆಸರನ್ನು ಅಚ್ಚು ಮಾಡುವ ಒಂದು ಪುಟ್ಟ ಫಂಕ್ಷನ್ ಕಟ್ಟಿ ಪಕ್ಕಕ್ಕೆ ಇಡಿ. ಲೂಪ್ ಮುಗಿದ ಮೇಲೆ ಮೂರನ್ನೂ ಕರೆಯಿರಿ. ಮೂರು ಹೆಸರು ಬರಬೇಕಲ್ವಾ? ಬರುವುದಿಲ್ಲ, ಕೊನೆಯ ಹೆಸರೇ ಮೂರು ಸಲ ಬರುತ್ತದೆ ಎನ್ನುತ್ತದೆ ಪುಸ್ತಕ. ಯಾಕೆಂದರೆ ಲೂಪ್‌ಗೆ ವೇರಿಯಬಲ್ ಒಂದೇ. ಫಂಕ್ಷನ್‌ಗಳು ಹಿಡಿದುಕೊಂಡಿದ್ದು ಹೆಸರನ್ನಲ್ಲ, ಹೆಸರು ಕೂತಿರುವ ಡಬ್ಬಿಯನ್ನು. ಕೊನೆಯಲ್ಲಿ ಡಬ್ಬಿಯೊಳಗೆ ಏನಿದೆಯೋ ಅದೇ ಮೂವರಿಗೂ ಕಾಣುತ್ತದೆ.

ಟೈಪ್ ಮಾಡಿ ಓಡಿಸಿದೆ. ಮೂರು ಹೆಸರೂ ಸರಿಯಾಗಿ ಬಂದವು.

ಪುಸ್ತಕ ಮತ್ತೆ ಓದಿದೆ, ಮತ್ತೆ ಟೈಪ್ ಮಾಡಿದೆ. ಮತ್ತೆ ಸರಿ. ತಪ್ಪು ಮಾಡಲು ಹೋಗಿ ತಪ್ಪಾಗಿ ಸರಿ ಬರೆದೆನಾ? ಒಂದೊಂದು ಅಕ್ಷರ ಹೋಲಿಸಿ ನೋಡಿದೆ. ಬೆಳಗಿನ ನಲವತ್ತು ನಿಮಿಷ ಎರಡು ದಿನ ಇದಕ್ಕೇ ಹೋಯಿತು. ಸರಿಯಾಗಿ ಓಡುತ್ತಿರುವ ಪ್ರೋಗ್ರಾಂ ಮುಂದೆ ತಲೆ ಕೆರೆದುಕೊಂಡು ಕೂತವರು ಜಾಸ್ತಿ ಜನ ಇರಲಿಕ್ಕಿಲ್ಲ.

ಕಾರಣ 1.22. 2024ರ ಫೆಬ್ರವರಿಯಲ್ಲಿ ಬಂದ ಆ ಆವೃತ್ತಿಯಿಂದ ಲೂಪ್‌ನ ಪ್ರತಿ ಸುತ್ತಿಗೂ ಹೊಸ ವೇರಿಯಬಲ್. ಹಳೆಯ ಪ್ರಾಜೆಕ್ಟ್‌ಗಳು ಕೆಡಬಾರದು ಅಂತ ಒಂದು ಉಪಾಯವನ್ನೂ ಇಟ್ಟಿದ್ದಾರೆ: ಗೋ.ಮಾಡ್ ಫೈಲ್‌ನಲ್ಲಿ ಯಾವ ಆವೃತ್ತಿ ಬರೆದಿದೆಯೋ ಅದರ ಪ್ರಕಾರ ಲೂಪ್ ನಡೆದುಕೊಳ್ಳುತ್ತದೆ. ಫೈಲ್ ತೆರೆದು 1.23 ಇದ್ದದ್ದನ್ನು 1.21 ಮಾಡಿ ಓಡಿಸಿದೆ. ಬಂತು! ಕೊನೆಯ ಹೆಸರು ಮೂರು ಸಲ. ಬಗ್ ಕಂಡು ಇಷ್ಟು ಖುಷಿಪಟ್ಟಿದ್ದು ಅದೇ ಮೊದಲು.

ಅದೇ ಹೊತ್ತಿಗೆ ಪೈಥಾನ್ ನೆನಪಾಯಿತು. ಲೂಪ್ ಒಳಗೆ ಲ್ಯಾಂಬ್ಡಾ (ಹೆಸರಿಲ್ಲದ ಪುಟ್ಟ ಫಂಕ್ಷನ್) ಬರೆಯುವಾಗ ‘ಐ ಈಕ್ವಲ್ಸ್ ಐ’ ಅಂತ ಒಂದು ಡೀಫಾಲ್ಟ್ ಸೇರಿಸುವ ಅಭ್ಯಾಸ ನನಗಿದೆ. ಯಾರೋ ಹಾಗೆ ಬರೆದದ್ದು ನೋಡಿ ಕಲಿತಿದ್ದೆ, ಎಂಟು ವರ್ಷ ಮಂತ್ರದ ಹಾಗೆ ಬರೆದಿದ್ದೆ. ಅಲ್ಲಿಯೂ ಇದೇ ಡಬ್ಬಿ ಕಥೆ. ಪೈಥಾನ್ ಪುಸ್ತಕಗಳು ಹೇಳಿಕೊಡದ ಪೈಥಾನ್ ಪಾಠವನ್ನು ಹಳೆಯ ಗೋ ಪುಸ್ತಕ ಹೇಳಿಕೊಟ್ಟಿತು.

ಇದಾದ ಎರಡು ತಿಂಗಳಿಗೆ ಆಫೀಸಿನಲ್ಲಿ ಒಂದು ಹಳೆಯ ಸರ್ವಿಸ್ ನನ್ನ ತಲೆಗೆ ಬಂತು. ಕೆಲವು ವಿನಂತಿಗಳಿಗೆ ಬೇರೆಯವರ ಉತ್ತರ ಹೋಗುತ್ತಿತ್ತು. ಅದರ ಗೋ.ಮಾಡ್ ನೋಡಿದರೆ 1.19. ಲೂಪ್ ಒಳಗೆ ಗೊರೂಟೀನ್‌ಗಳು (ಅಕ್ಕಪಕ್ಕದಲ್ಲಿ ಒಟ್ಟಿಗೆ ನಡೆಯುವ ಕೆಲಸಗಳು) ಶುರುವಾಗುತ್ತಿವೆ, ಎಲ್ಲವೂ ಒಂದೇ ವೇರಿಯಬಲ್ ಹಿಡಿದುಕೊಂಡಿವೆ. ಹತ್ತು ನಿಮಿಷದಲ್ಲಿ ಕಂಡಿತು. ಹೊಸ ಪುಸ್ತಕವೊಂದನ್ನೇ ಓದಿದ್ದರೆ ಇಡೀ ದಿನ ಹೋಗುತ್ತಿತ್ತು. ನಾನು ಬರೆಯುವುದು ಹೊಸ ಕೋಡ್ ಇರಬಹುದು, ಸಂಬಳಕ್ಕಾಗಿ ಓದುವುದೆಲ್ಲ ಹಳೆಯ ಕೋಡೇ.

ಹಳೆಯ ಪುಸ್ತಕ ಸೋತ ಪ್ರೋಗ್ರಾಂಗಳನ್ನು ಮುಚ್ಚಿಡುವುದಿಲ್ಲ. ಚಾನಲ್‌ಗಳ (ಗೊರೂಟೀನ್‌ಗಳು ಒಂದಕ್ಕೊಂದು ಮಾಹಿತಿ ಕಳಿಸುವ ಕೊಳವೆಗಳ) ಅಧ್ಯಾಯದಲ್ಲಿ ಯಾರೂ ಓದದ ಚಾನಲ್‌ಗೆ ಬರೆಯಲು ಹೇಳಿ, ಗೋ ಸಾಯುವಾಗ ಹೇಳುವ ಮಾತನ್ನು ಪೂರ್ತಿ ಅಚ್ಚು ಮಾಡಿದ್ದಾರೆ: ಎಲ್ಲ ಗೊರೂಟೀನ್‌ಗಳೂ ನಿದ್ದೆ ಹೋಗಿವೆ, ಡೆಡ್‌ಲಾಕ್! ಆಮೇಲೆ ಆ ಸಂದೇಶವನ್ನು ಸಾಲು ಸಾಲಾಗಿ ಬಿಡಿಸಿದ್ದಾರೆ. ನನ್ನ ಸ್ವಂತ ಪ್ರೋಗ್ರಾಂ ಮೊದಲ ಸಲ ಹೀಗೆ ಸತ್ತಾಗ ಹಳೆಯ ಪರಿಚಯದವರು ಸಿಕ್ಕ ಹಾಗಾಯಿತು.

ಹೊಗಳಿದ್ದು ಸಾಕು. ಹದಿನಾರು ತಿಂಗಳಾದರೂ ಕ್ಷಮಿಸಲಾಗದ್ದು ಕೆಲವಿವೆ. ಜೆನೆರಿಕ್ಸ್ (ಒಂದೇ ಕೋಡನ್ನು ಬೇರೆ ಬೇರೆ ಬಗೆಯ ಡೇಟಾಗೆ ಬಳಸುವ ಸೌಲಭ್ಯ) ಗೋಗೆ ಬಂದದ್ದು 2022ರ ಮಾರ್ಚ್‌ನಲ್ಲಿ, 1.18ರಲ್ಲಿ. ಪುಸ್ತಕದಲ್ಲಿ ಅದು ಇಲ್ಲವೇ ಇಲ್ಲ. ಇಲ್ಲ ಅನ್ನುವುದಷ್ಟೇ ಅಲ್ಲ, ಅದಿಲ್ಲದೆ ಬದುಕುವುದು ಹೇಗೆ ಅಂತ ಖಾಲಿ ಇಂಟರ್‌ಫೇಸ್ (ಯಾವ ಬಗೆಯ ಡೇಟಾ ಆದರೂ ಹಿಡಿಯುವ ಟೈಪ್) ಇಟ್ಟುಕೊಂಡು ಒಂದು ಅಧ್ಯಾಯದ ಬಹುಪಾಲು ಸರ್ಕಸ್ ಮಾಡಿಸುತ್ತದೆ. ಅದನ್ನು ಹಾರಿಸಿ, ಆ ಭಾಗವನ್ನು ಹೊಸ ಇ-ಪುಸ್ತಕದಲ್ಲೇ ಓದಿದೆ. ಅಷ್ಟರಮಟ್ಟಿಗೆ ಅದರ ದುಡ್ಡೂ ಬಂತು ಅನ್ನಿ. ಅಚ್ಚಿನ ಅಗಲ ಕಡಿಮೆ, ಉದ್ದ ಸಾಲುಗಳು ಮುರಿದು ಕೆಳಗೆ ಬಿದ್ದಿವೆ. ಗೋದಲ್ಲಿ ತೆರೆಯುವ ಬ್ರೇಸ್, ಅಂದರೆ ‘{’, ಅದೇ ಸಾಲಿನಲ್ಲೇ ಇರಬೇಕು. ಪುಟದಲ್ಲಿ ಕೆಳಗೆ ಬಿದ್ದದ್ದನ್ನು ಹಾಗೇ ಟೈಪ್ ಮಾಡಿದರೆ ತಪ್ಪು. ಬೈಂಡಿಂಗ್ ಬಗ್ಗೆ ಹೇಳಿಯಾಗಿದೆ.

ಈಗ ಯಾರಾದರೂ ‘ಹಳೆಯ ಪುಸ್ತಕ ತಗೊಳ್ಳಲಾ’ ಅಂದರೆ ಯಾವ ಭಾಷೆ ಅಂತ ಮೊದಲು ಕೇಳುತ್ತೇನೆ. 2012ರ ಮಾರ್ಚ್‌ನಲ್ಲಿ ಗೋ 1 ಬಂದಾಗಲೇ ಇವತ್ತಿನ ಪ್ರೋಗ್ರಾಂ ನಾಳೆಯೂ ಓಡಬೇಕು ಅಂತ ಗೋ ತಂಡದವರು ಮಾತು ಕೊಟ್ಟಿದ್ದರು, ಬಹುಮಟ್ಟಿಗೆ ಉಳಿಸಿಕೊಂಡಿದ್ದಾರೆ. ಹಾಗಾಗಿ ಈ ಪುಸ್ತಕದಲ್ಲಿ ಭಾಷೆಗಿಂತ ಅದರ ಸುತ್ತಲಿನ ಸಾಮಾನೇ ಜಾಸ್ತಿ ಹಳತಾಗಿದೆ. ಪೈಥಾನ್ 2ರ ಪುಸ್ತಕ ಯಾರಾದರೂ ಪುಕ್ಕಟೆ ಕೊಟ್ಟರೂ ಬೇಡ. ಪ್ರಿಂಟ್‌ಗೆ ಆವರಣ ಇಲ್ಲ ಅಂತ ಪೈಥಾನ್ 3 ಕಿರುಚುತ್ತದೆ, ಅದಾದರೂ ತಿಳಿಯುತ್ತದೆ. 7 ಭಾಗ 2 ಅಂದರೆ ಅಲ್ಲಿ 3, ಇಲ್ಲಿ 3.5; ಇದಕ್ಕೆ ಯಾರೂ ಕಿರುಚುವುದಿಲ್ಲ. 2015ಕ್ಕೆ ಮುಂಚಿನ ಜಾವಾಸ್ಕ್ರಿಪ್ಟ್ ಪುಸ್ತಕದ ಕೋಡ್ ಎಲ್ಲ ಓಡುತ್ತದೆ, ಆದರೆ ಲೆಟ್, ಕಾನ್ಸ್ಟ್, ಪ್ರಾಮಿಸ್ ಯಾವುದೂ ಅದರಲ್ಲಿರುವುದಿಲ್ಲ. ಇವತ್ತು ಯಾರೂ ಹಾಗೆ ಬರೆಯುವುದಿಲ್ಲ.

ಇಸವಿ ನೋಡುವಾಗಲೂ ಒಂದು ಮೋಸ ಇದೆ. ಮರುಮುದ್ರಣದ ಇಸವಿ ಹೊಸದಿರುತ್ತದೆ, ಒಳಗಿನ ಸರಕು ಹಳೆಯದೇ. ಭಾಷೆಯ ಯಾವ ಆವೃತ್ತಿಗೆ ಬರೆದದ್ದು ಅಂತ ಮುನ್ನುಡಿಯಲ್ಲಿ ಇರುತ್ತದೆ, ಅದನ್ನು ನೋಡಬೇಕು. ಮೊದಲ ಅಧ್ಯಾಯ ಓದಿ ಕೊಳ್ಳುವುದನ್ನಂತೂ ಬಿಟ್ಟಿದ್ದೇನೆ. ಅದು ಎಲ್ಲ ಪುಸ್ತಕದಲ್ಲೂ ಚೆನ್ನಾಗಿರುತ್ತದೆ, ಎಲ್ಲಕ್ಕಿಂತ ಮೊದಲು ಹಳಸುವುದೂ ಅದೇ.

ನಕ್ಷತ್ರ ಕೊಡಬೇಕಲ್ಲ. ಐದಕ್ಕೆ ನಾಲ್ಕು. ಕಳೆದ ಒಂದರಲ್ಲಿ ಅರ್ಧ ಬೈಂಡಿಂಗ್‌ದು.

ಮುಂದಿನ ಭಾಷೆ ರಸ್ಟ್. ಮೂರು ಪುಸ್ತಕಗಳ ಮಾದರಿ ಪುಟ ನೋಡಿದೆ. ಮೂರರಲ್ಲೂ ನೇರ ಬಾರೋಯಿಂಗ್ (ಒಂದು ಕಡೆಯ ಡೇಟಾವನ್ನು ಇನ್ನೊಂದು ಕಡೆ ಎರವಲು ಬಳಸುವ ನಿಯಮಗಳ) ಅಧ್ಯಾಯಕ್ಕೆ ಹೋದೆ, ಹೊಸಬರೆಲ್ಲ ಎಡವುವುದು ಅಲ್ಲೇ ಅಂತ ಕೇಳಿದ್ದೇನೆ. ಎರಡರಲ್ಲಿ ಕಂಪೈಲರ್‌ನ ಒಂದು ತಪ್ಪು ಸಂದೇಶವೂ ಇಲ್ಲ, ನಿಯಮ ಹೇಳಿ ಮುಂದೆ ಹೋಗಿದ್ದಾರೆ. ಮೂರನೆಯದರಲ್ಲಿ ಆರು ಪುಟದಲ್ಲಿ ನಾಲ್ಕು ಸಲ ಪ್ರೋಗ್ರಾಂ ಸೋತಿದೆ. ರಸ್ಟ್ ಭಾಷೆಯ 2021ರ ಎಡಿಷನ್‌ಗೆ ಬರೆದದ್ದು, ಅದಾದ ಮೇಲೆ 2024ರದ್ದೂ ಬಂದಿದೆ. ಇರಲಿ, ಪೆನ್ಸಿಲ್ ಇದೆಯಲ್ಲ. ತರಿಸಿದ್ದೇನೆ. ಐನೂರು ಪುಟ, ತೆರೆದಿಟ್ಟರೆ ನಿಲ್ಲುತ್ತದೋ ಇಲ್ಲವೋ ಗೊತ್ತಿಲ್ಲ. ಹಾರ್ಡ್ ಡಿಸ್ಕ್ ಮಾತ್ರ ಮೇಜಿನ ಮೇಲೆ ಹಾಗೇ ಇಟ್ಟಿದ್ದೇನೆ.